ಅಂಗಳದ ಆಮೆ



ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಬರೆಯುವ ವಿದ್ಯೆಯನ್ನು, ಎಂದರೆ ಈಗ ಎಲ್ಲರ ಬಾಯಲ್ಲಿರುವ ಕೋಡಿಂಗನ್ನು, ಎಳೆಯ ಮಕ್ಕಳಿಗೆ ಕಲಿಸಬೇಕೇ ಎಂದು ಕೇಳುವ ತಾಯಂದಿರು ಬಹಳ. ಕಲಿಸಬಹುದೆಂದೇ ನನ್ನ ಅಭಿಪ್ರಾಯ. ಆದರೆ ಅದು ಆಟವಾಗಿರಬೇಕು. ಆರು ವರ್ಷದ ಹುಡುಗಿಗಾಗಿ ಶುಲ್ಕ ತೆತ್ತು, ಪ್ರಶಸ್ತಿಪತ್ರವನ್ನು ತಂದು ಗೋಡೆಗೆ ತೂಗುಹಾಕುವ ಆತುರವು ನನಗೆ ಸರಿದೋರುವುದಿಲ್ಲ.

1967ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್ ಮೊದಲಾದವರು ಮಕ್ಕಳಿಗಾಗಿಯೇ ‘ಲೋಗೊ’ ಎಂಬ ಗಣಕಭಾಷೆಯನ್ನು ರಚಿಸಿದರು. ತರುವಾಯ ಅದಕ್ಕೊಂದು ಆಮೆಯು ಸೇರಿತು. ಮುಂದೆ ನಡೆ, ಬಲಕ್ಕೆ ತಿರುಗು ಎಂದು ಮಗು ಅಪ್ಪಣೆಯಿತ್ತರೆ ಅದು ನಡೆದ ದಾರಿಯೇ ಚಿತ್ರವಾಗುವುದು. ದಾರಿ ತೋಚದಿದ್ದರೆ ಮಗುವು ತಾನೇ ಆಮೆಯಾಗಿ ನಡೆದು ನೋಡಬೇಕೆಂಬುದು ಪ್ಯಾಪರ್ಟರ ಮತವಾಗಿತ್ತು.

ಇದನ್ನು ನಾನು ಯಂತ್ರವಿಲ್ಲದೆಯೇ ನಮ್ಮ ಅಂಗಳದಲ್ಲಿ ಪರೀಕ್ಷಿಸಿದೆನು. ತಂಗಿಯ ಮಗಳಿಗೆ ಏಳು ವರ್ಷ. ಕೋನಗಳ ಅಳತೆಯನ್ನು ಅರಿಯಳು, ಗಡಿಯಾರವನ್ನು ಬಲ್ಲಳು. ಆದುದರಿಂದ, ಒಂದು ಪೂರ್ಣ ಸುತ್ತು ಹನ್ನೆರಡು ಗಂಟೆಯೆಂದು ಗೊತ್ತುಮಾಡಿಕೊಂಡೆವು. ಅವಳು ಅಪ್ಪಣೆಯೀಯುವಳು, ನಾನು ಸೀಮೆಸುಣ್ಣ ಹಿಡಿದ ಆಮೆ. (ಈ ವಯಸ್ಸಿನಲ್ಲಿ ಬಗ್ಗಿ ಗೆರೆಯೆಳೆಯುವುದು ಸುಲಭವಲ್ಲ.) ಐದು ಹೆಜ್ಜೆ ನಡೆದು ಮೂರು ಗಂಟೆಯಷ್ಟು ತಿರುಗು, ಹೀಗೆ ನಾಲ್ಕು ಸಲ ಎಂದಳು, ಚೌಕವಾಯಿತು. ಇನ್ನು ತ್ರಿಕೋಣ. ಮೂಲೆಗಳು ಕಡಮೆಯಾದುದರಿಂದ ತಿರುಗುವುದೂ ಕಡಮೆ ಸಾಕೆಂದು ಎಣಿಸಿ, ಎರಡು ಗಂಟೆಯಷ್ಟು ತಿರುಗೆಂದಳು. ಮೂರು ಗೆರೆಗಳಾದರೂ ಆಕಾರವು ಮುಚ್ಚಲಿಲ್ಲ. ಅವಳು ಮುಖ ಸಣ್ಣಗೆ ಮಾಡಿಕೊಳ್ಳಲಿಲ್ಲ, ನಡೆಯುತ್ತಲೇ ಇರೆಂದಳು. ಆರನೆಯ ಗೆರೆಗೆ ಜೇನುಗೂಡಿನ ಕೋಣೆಯೊಂದು ಮೂಡಿತು! ಬಳಿಕ ತಾನೇ ನಡೆದು, ಮೂಗಿನ ನೇರವನ್ನು ನೋಡಿಕೊಂಡು, ತ್ರಿಕೋಣಕ್ಕೆ ನಾಲ್ಕು ಗಂಟೆ ಬೇಕೆಂದು ಕಂಡುಹಿಡಿದಳು.

ನಮ್ಮ ಬಾಲ್ಯದಲ್ಲಿ ತಪ್ಪಿದ ಲೆಕ್ಕಕ್ಕೆ ಕೆಂಪು ಮಸಿಯ ಗೀಟು ಬೀಳುತ್ತಿದ್ದಿತು. ನಮ್ಮಲ್ಲಿ ಅನೇಕರು ಆ ಪುಟವನ್ನೇ ಹರಿದು ಬಚ್ಚಿಡುತ್ತಿದ್ದೆವು. ಒಪ್ಪವಾಗಿರಬೇಕೆಂಬ ಬುದ್ಧಿವಾದವು ಹೆಣ್ಣುಮಕ್ಕಳಿಗೇ ಹೆಚ್ಚು; ತಪ್ಪನ್ನು ಮುಚ್ಚಿಡುವ ಅಭ್ಯಾಸವೂ ಅದರೊಡನೆಯೇ ಬೆಳೆಯುವುದು. ಈ ಆಟದಲ್ಲಿಯಾದರೋ ತಪ್ಪು ನೆಲದ ಮೇಲೆ ಎಲ್ಲರಿಗೂ ಕಾಣುವಂತಿರುತ್ತದೆ, ಅದರಿಂದಲೇ ಮುಂದಿನ ಹೆಜ್ಜೆ ತಿಳಿಯುತ್ತದೆ. ಇದಕ್ಕೆ ಅಂಕಗಳನ್ನು ಹಚ್ಚಿದೆವೆಂದರೆ ಕೆಂಪು ಮಸಿಯು ಮರಳಿ ಬಂದಿತೆಂದೇ ತಿಳಿಯಿರಿ.

ಗೆರೆಯೆಳೆಯುವುದನ್ನು ಹೆಂಗಸರ ಕಾಲಹರಣವೆನ್ನುವವರು ಇದನ್ನು ಕೇಳಲಿ. ಮದರಾಸು ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ದಂಪತಿಗಳು ಕಮಲಾ ಕೃತಿವಾಸನ್ ಅವರೊಡನೆ, ತಮಿಳು ಹೆಂಗಸರ ಕೋಲಂ ರಂಗವಲ್ಲಿಗಳ ನಿಯಮಗಳನ್ನು ಗಣಕಶಾಸ್ತ್ರದ ವ್ಯಾಕರಣವಾಗಿ ನಿರೂಪಿಸಿ 1974ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಯಂತ್ರವುಳ್ಳ ಮನೆಯವರಿಗೆ 2007ರಲ್ಲಿ ಬಂದ ‘ಸ್ಕ್ರ್ಯಾಚ್’ ಉಂಟು. ಐದರಿಂದ ಏಳು ವರ್ಷದವರಿಗೆ 2014ರ ‘ಸ್ಕ್ರ್ಯಾಚ್ ಜೂನಿಯರ್’ ಉಂಟು. ಎರಡಕ್ಕೂ ಕಾಸು ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕೋಡಿಂಗನ್ನು ಮಾಧ್ಯಮಿಕ ಹಂತಕ್ಕೆ ಇರಿಸಿದೆ. ಅದಕ್ಕೆ ಮುಂಚೆ ಆಡಲು ಬೇಕಾದಷ್ಟು ವರ್ಷಗಳಿವೆ.

ನಮ್ಮ ಹುಡುಗಿಗೆ ಈಗ ಐದು ಮೂಲೆಯ ಆಕಾರ ಬೇಕಾಗಿದೆ. ಎರಡು ಗಂಟೆ ಸಾಲದು, ಮೂರು ಹೆಚ್ಚಾಗುವುದು. ನಾನು ಉತ್ತರವನ್ನು ಹೇಳಿಲ್ಲ. ನಿನ್ನೆಯ ಮಳೆಗೆ ಗೆರೆಗಳೆಲ್ಲ ಅಳಿದುಹೋದುವು. ಸೀಮೆಸುಣ್ಣವು ಅವಳ ಬಳಿಯಲ್ಲೇ ಇದೆ.