ಸಿಗಾರಿಗೆ ಮಾರ್ಕ್ಸ್ ಹಾಕುವ ದೋಸ್ತರಿಗೆ

ಸಿಗಾರ್ ರಿವ್ಯೂ ಅನ್ನೋದು ಈಗ ನಮ್ಮ ಹಾಸ್ಟೆಲ್ ಫೋನುಗಳಲ್ಲೂ ಓಡಾಡುತ್ತಿರುವ ಒಂದು ಸಾಹಿತ್ಯ ಪ್ರಕಾರ. ಮೊದಲ ಮೂರನೇ ಒಂದು ಭಾಗದಲ್ಲಿ ಕಾಫಿ ಮತ್ತು ಚರ್ಮದ ರುಚಿ, ನಡುವೆ ಕರಿಮೆಣಸು, ಕೊನೆಗೆ ಕೋಕೋ. ಚರ್ಮದ ರುಚಿ ಹೆಂಗ ಗೊತ್ತಾತು ಅಂತ ಮಾತ್ರ ಕೇಳಬಾರದು. ನನಗೆ ಇದರಲ್ಲಿ ಆಸಕ್ತಿ ಇರೋದು ಒಂದೇ ಕಾಲಮ್ಮಿನಲ್ಲಿ: ಕನ್‌ಸ್ಟ್ರಕ್ಷನ್. ರುಚಿ ಅವರವರ ನಾಲಿಗೆಗೆ ಬಿಟ್ಟಿದ್ದು, ಕಟ್ಟಿದ್ದು ಸರಿ ಇದೆಯೋ ಇಲ್ಲವೋ ಅಂತ ಅಳೆದು ನೋಡಬಹುದು. ಆ ಕಾಲಮ್ಮನ್ನೇ ಎಲ್ಲರೂ ಅರ್ಧ ಬರೆದು ಬಿಡುತ್ತಾರೆ ಅನ್ನೋದು ನನ್ನ ತಕರಾರು.

ಸಿಗಾರ್ ಅಂದರೆ ಸರಳವಾಗಿ ಮೂರು ಪದರ. ಒಳಗೆ ಉದ್ದುದ್ದ ಎಲೆಗಳ ಹೂರಣ, ಅದನ್ನು ಹಿಡಿದಿಡುವ ಬೈಂಡರ್ ಎಲೆ, ಮೇಲೆ ನೋಡಲು ಚಂದ ಇರುವ ರ‍್ಯಾಪರ್. ಹೂರಣದ ಎಲೆಗಳನ್ನು ಮಡಚುವಾಗ ಗಾಳಿ ಹೋಗಲು ಸಂದು ಉಳಿಯಬೇಕು. ಹೆಚ್ಚು ತುರುಕಿದರೆ ಎಳೆದರೂ ಹೊಗೆ ಬರೋದಿಲ್ಲ, ಕಡಿಮೆಯಾದರೆ ಬಿಸಿಯಾಗಿ ಬೇಗ ಉರಿದುಹೋಗುತ್ತದೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪ್ರೆಷರ್ ಡ್ರಾಪ್ ಅಂತ ಓದಿದ್ದೀವಲ್ಲ, ಅದೇ. ಕಾರ್ಖಾನೆಗಳಲ್ಲಿ ಇದನ್ನು ಮಿಲಿಮೀಟರ್ ನೀರಿನ ಲೆಕ್ಕದಲ್ಲೇ ಅಳೆಯುತ್ತಾರೆ. ಗಿಡದ ತುದಿಯ ದಪ್ಪ ಎಲೆ ನಿಧಾನ ಉರಿಯುತ್ತದೆ, ಅದು ನಟ್ಟನಡುವೆ ಇರಬೇಕು. ಒಂದು ಬದಿಗೆ ಸರಿದರೆ ಆ ಬದಿ ಹಿಂದೆ ಉಳಿದು, ಇನ್ನೊಂದು ಬದಿ ದೋಣಿ ಕೊರೆದಂಗ ಸುಟ್ಟುಕೊಂಡು ಮುಂದೆ ಹೋಗುತ್ತದೆ. ಒಳಗಿನದು ಉರಿದು ಮೇಲಿನ ಎಲೆ ಹಾಗೇ ಉಳಿದರೆ ಸುರಂಗ. ಆರ್ದ್ರತೆ ಶೇ. 65ರಿಂದ 70ರ ಆಸುಪಾಸು ಇಡದಿದ್ದರೆ ರ‍್ಯಾಪರ್ ಬಿರಿಯುತ್ತದೆ. ನಮ್ಮ ಗೋಕಾಕ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಎರಡು ದಿನ ತಡೆಯಲಿಕ್ಕಿಲ್ಲ.

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಬ್ಯಾಚಿನ ಒಬ್ಬನಿಗೆ ಅವರ ಮಾಮಾ ದುಬೈನಿಂದ ತಂದ ಒಂದು ಸಿಗಾರ್ ಸಿಕ್ಕಿತು. ಒಂದಕ್ಕೇ ನಮ್ಮ ಮೆಸ್ಸಿನ ಅರ್ಧ ತಿಂಗಳ ಬಿಲ್ಲು. ಹೆಸರು ಬೇಡ. ನಾ ಸೇದೋದಿಲ್ಲ, ಆದರೆ ಹಿಡಿದು ಒತ್ತಿ ನೋಡಿದೆ. ನಡುವೆ ಒಂದು ಗಂಟು, ತುದಿಯ ಕಡೆ ಮೆತ್ತಗೆ. ಹಚ್ಚಿದ ಹತ್ತು ನಿಮಿಷಕ್ಕೆ ಒಂದು ಬದಿ ಓಡತೊಡಗಿತು, ಗಂಟಿನ ಹತ್ತಿರ ಬಂದು ಆರಿತು. ನಾಲ್ಕು ಸಲ ಕಡ್ಡಿ ಗೀರಿದರು. ‘ಲೇ, ಇದಕ್ಕಿಂತ ನಮ್ಮ ಕಾಕಾನ ಬೀಡಿ ಚಲೋ ಉರೀತೈತಿ’ ಅಂದ ಒಬ್ಬ. ಸಂಜೆ ಗ್ರೂಪಿನಲ್ಲಿ ರಿವ್ಯೂ ಬಂತು: ರುಚಿ 8, ಕನ್‌ಸ್ಟ್ರಕ್ಷನ್ 3, ‘ಸುತ್ತಿದವನು ಕುಡಿದಿದ್ದನೇನೋ.’

ಆ ಕೊನೆಯ ಸಾಲೇ ನನ್ನನ್ನು ಇದನ್ನು ಬರೆಯಲು ಕೂರಿಸಿದ್ದು. ಡಬ್ಬಿಯ ಮೇಲೆ ಕಂಪನಿಯ ಹೆಸರು ಬಂಗಾರದ ಅಕ್ಷರದಲ್ಲಿ ಇರುತ್ತದೆ. ಸಿಗಾರ್ ಚಲೋ ಇದ್ದರೆ ಹೊಗಳಿಕೆ ಆ ಹೆಸರಿಗೆ. ಕೆಟ್ಟಿದ್ದರೆ ಬೈಗುಳ ಹೆಸರಿಲ್ಲದ ಸುತ್ತುವವನಿಗೆ. ಕ್ವಾಲಿಟಿ ಕಂಟ್ರೋಲ್ ಪೇಪರಿನಲ್ಲಿ ಪಾಸಾದವರು ಹಿಂಗ ಬರೀಬಾರದ್ರಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಿಗಾರ್ ಹುಚ್ಚು ಹಬ್ಬಿತು. ಜಗತ್ತಿನ ಬೇಡಿಕೆ ನೋಡಿ ಕ್ಯೂಬಾ ದಶಕದ ಕೊನೆಗೆ ಉತ್ಪಾದನೆ ಒಮ್ಮೆಲೇ ಏರಿಸಿತು, ಹೊಸಬರನ್ನು ಸುತ್ತಲು ಕೂರಿಸಿತು. ಆ ವರ್ಷಗಳ ಸಿಗಾರುಗಳು ಬಿಗಿಯಾಗಿ ಕಟ್ಟಿಕೊಂಡು ಗಾಳಿಯಾಡದೆ ಹೆಸರು ಕೆಡಿಸಿಕೊಂಡವು. ಆಮೇಲೆ ಗಾಳಿ ಎಳೆದು ಪರೀಕ್ಷಿಸುವ ಯಂತ್ರ ಬಂದವು. ಅವಸರ ಯಾರದು? ಕಲಿಯಲು ಸಮಯ ಕೊಡದವರದು. ಗಂಟು ಬಿದ್ದದ್ದು ಕೈಯಲ್ಲಿ ಇರಬಹುದು, ಅದನ್ನು ಬೀಳಿಸಿದ ನಿರ್ಧಾರ ಆಫೀಸಿನಲ್ಲಿ ಆಗಿತ್ತು.

ಹವಾನಾ ದೂರ ಅಂತೀರಾ? ನಾನು ಮೇಲವಂಕಿಯವ. ನಮ್ಮದು ಕಬ್ಬಿನ ಸೀಮೆ. ತಂಬಾಕಿನ ಹೊಲ ನೋಡಬೇಕಂದ್ರ ಹುಕ್ಕೇರಿ, ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೋಗಬೇಕು. ಅಲ್ಲಿ ಬೆಳೆಯೋದು ಬೀಡಿ ತಂಬಾಕು. ಅದು ಬೀಡಿಯ ಹೊಟ್ಟೆಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ಬೀಡಿ ಸುತ್ತೋದು ಅಂದರೆ ಮುಖ್ಯವಾಗಿ ಕರಾವಳಿಯ ಮನೆಗಳ ಹೆಣ್ಣುಮಕ್ಕಳ ಕೆಲಸ. ಮೊರ ತೊಡೆಯ ಮೇಲೆ, ನೆನೆಸಿ ಅಳತೆಗೆ ಕತ್ತರಿಸಿದ ಎಲೆ, ಚಿಟಿಕೆ ತಂಬಾಕು, ದಾರ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸಂಜೆ ಬ್ರಾಂಚಿಗೆ ಒಯ್ದರೆ ಅಲ್ಲೊಬ್ಬ ಕೂತು ಕಟ್ಟು ಬಿಚ್ಚಿ ನೋಡುತ್ತಾನೆ. ಸಡಿಲ, ಗಿಡ್ಡ, ಎಲೆ ತೂತು ಅಂತ ತೆಗೆದಿಟ್ಟರೆ ಅದಕ್ಕೆ ಕೂಲಿ ಇಲ್ಲ. ಎಲೆ ತೂತಿದ್ದರೆ ಆ ಎಲೆ ಕೊಟ್ಟವರು ಯಾರು? ಅವರೇ. ತಿರಸ್ಕರಿಸಿದ ಬೀಡಿ ಒಲೆಗೆ ಹೋಗದೆ ಮಾರುಕಟ್ಟೆಗೇ ಹೋಗುತ್ತದೆ ಅನ್ನೋದು ಕಾರ್ಮಿಕ ಸಂಘಗಳ ಹಳೆಯ ದೂರು.

ಇಲ್ಲಿ ಒಂದು ಮಜಾ ಸಂಗತಿ ಐತಿ. 1966ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಹೆಸರೇ ‘ಬೀಡಿ ಮತ್ತು ಸಿಗಾರ್ ಕಾರ್ಮಿಕರ’ ಕಾಯ್ದೆ. ನಮ್ಮ ಗ್ರೂಪಿನಲ್ಲಿ ಒಂದು ಕಾಕಾನದು, ಒಂದು ಸಾಹೇಬರದು. ಕಾನೂನಿನ ಕಣ್ಣಿಗೆ ಎರಡೂ ಒಂದೇ ಸಾಲಿನವು. ಬೀಡಿಯೋ ಸಿಗಾರೋ ತಿರಸ್ಕಾರವಾದಾಗ ಬರುವ ಜಗಳ, ಅದರ ಕೂಲಿಯ ಜಗಳ ಬಗೆಹರಿಸಲು ಅದರಲ್ಲಿ ಪ್ರತ್ಯೇಕ ಕಲಮೇ ಇತ್ತು. ‘ಕನ್‌ಸ್ಟ್ರಕ್ಷನ್ 3’ ಅನ್ನೋ ಅಂಕಿಯ ಹಿಂದೆ ಒಬ್ಬರ ದಿನದ ಕೂಲಿ ಇರುತ್ತದೆ ಅಂತ ಅರವತ್ತು ವರ್ಷದ ಹಿಂದೆಯೇ ದಿಲ್ಲಿಯಲ್ಲಿ ಕೂತವರಿಗೆ ಹೊಳೆದಿತ್ತು.

ಬೆಳೆದವರದ್ದೂ ಇದೇ ಕಥೆ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆ ಐತಿ. ಬೀಡಿ ತಂಬಾಕು ಆ ಮಂಡಳಿಯ ವ್ಯಾಪ್ತಿಗೆ ಬರೋದಿಲ್ಲ. ಮಾಲು ಮುಟ್ಟಿ ನೋಡಿ ಗುಣಮಟ್ಟ ಹೇಳುವವನೂ ಕೊಳ್ಳುವವನೂ ಒಬ್ಬನೇ ವ್ಯಾಪಾರಿ. 1981ರ ಮಾರ್ಚಿನಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ಬೆಳೆಗಾರರು ಸರಿಯಾದ ದರ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಯಿತು, 12 ರೈತರು ಸತ್ತರು. ಆ ಹೆದ್ದಾರಿಯಲ್ಲಿ ಕೊಲ್ಹಾಪುರಕ್ಕೆ ಟ್ರಿಪ್ ಹೋದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಕಬ್ಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ತಕ್ಕಡಿ, ಕಾರ್ಖಾನೆಯ ಲ್ಯಾಬು, ರಿಕವರಿ ಎಷ್ಟು ಅಂತ ಹೇಳೋದೂ ಕಾರ್ಖಾನೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಕೇಳಿ ರೈತರು ಕೂತಾಗ ದರದ ಮಾತಿನ ಜೊತೆ ತೂಕದ ಮಾತೂ ರಿಕವರಿ ಮಾತೂ ನಮ್ಮ ಕಟ್ಟೆಗಳಲ್ಲಿ ಓಡಾಡಿತ್ತು.

ಹಂಗಾದ್ರ ರಿವ್ಯೂ ಬರೀಬಾರದಾ? ಬರೀರಿ. ದೋಷವನ್ನು ಮುಚ್ಚಿಟ್ಟರೆ ಸುತ್ತುವವರಿಗೂ ಉಪಯೋಗ ಇಲ್ಲ. ಆದರೆ ಎಂಜಿನಿಯರ್ ಬರೆದಂತೆ ಬರೀರಿ. ಗಂಟು ಎಲ್ಲಿತ್ತು, ಯಾವ ಬದಿ ಓಡಿತು, ಎಷ್ಟು ದಿನ ಯಾವ ಆರ್ದ್ರತೆಯಲ್ಲಿ ಇಟ್ಟಿದ್ದಿರಿ (ಸೂಟ್‌ಕೇಸಿನಲ್ಲಿ ಚಡ್ಡಿಗಳ ನಡುವೆ ಒಂದು ವಾರ ಇದ್ದ ಸಿಗಾರಿನ ಬಿರುಕಿಗೆ ಸುತ್ತಿದವರು ಹೊಣೆಯಲ್ಲ). ಒಂದೇ ಸಿಗಾರ್ ನೋಡಿ ಇಡೀ ಕಂಪನಿಗೆ ಅಂಕ ಹಾಕೋದು ಸ್ಯಾಂಪ್ಲಿಂಗ್ ಅಲ್ಲ. ಮತ್ತೆ ಒಂದು ಸಾಲು ಸೇರಿಸಿ: ಈ ದೋಷದ ಖರ್ಚು ಯಾರು ಹೊತ್ತರು? ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಕುಡುಕ ಅಂತ ಮಾತ್ರ ಬರೀಬೇಡಿ.

ಸೇದೋದರ ಬಗ್ಗೆಯೂ ಒಂದು ಮಾತು, ಬೇಗ ಮುಗಿಸ್ತೀನಿ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ 21 ತುಂಬದವರಿಗೆ ತಂಬಾಕು ಮಾರೋದು ಅಪರಾಧ. ಅಂದರೆ ನಮ್ಮ ಕಾಲೇಜಿನ ಬಹುಪಾಲು ರಿವ್ಯೂಕಾರರು ಕಾನೂನಿನ ಪ್ರಕಾರ ಗಿರಾಕಿಗಳೇ ಅಲ್ಲ. ‘ಸಿಗಾರ್ ಹೊಗೆ ಒಳಗ ಎಳಕೊಳ್ಳೋದಿಲ್ಲ, ಏನೂ ಆಗೂದಿಲ್ಲ’ ಅನ್ನೋದು ಸುಳ್ಳು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಅಷ್ಟೇ ಸಾಕು. ಬೀಡಿ ನಾಟಿ, ಹಾಗಾಗಿ ಹಗುರ ಅನ್ನೋದೂ ಸುಳ್ಳು. ಅದರ ಎಲೆಯಲ್ಲಿ ಗಾಳಿಯಾಡೋದಿಲ್ಲ, ಆರಬಾರದು ಅಂತ ಜೋರಾಗಿ ಮತ್ತೆಮತ್ತೆ ಎಳೆಯಬೇಕು.

ಬೀಡಿಗೆ ಇಲ್ಲಿವರೆಗೂ ಯಾರೂ ಕನ್‌ಸ್ಟ್ರಕ್ಷನ್ ರಿವ್ಯೂ ಬರೆದಿದ್ದನ್ನು ನಾ ನೋಡಿಲ್ಲ. ಸೇದದೆಯೂ ಬರೀಬಹುದು. ಅಳತೆಪಟ್ಟಿ, ತಕ್ಕಡಿ, ಒಂದು ಬ್ಲೇಡು ಇದ್ದರೆ ಸಾಕು. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಅವರಲ್ಲಿ ಯಾರದಾದರೂ ಅಜ್ಜಿಗೋ ಅಮ್ಮನಿಗೋ ಫೋನ್ ಹಚ್ಚಿ, ಬ್ರಾಂಚಿನವರು ಯಾವ ಬೀಡಿ ಯಾಕೆ ತೆಗೆದಿಡುತ್ತಿದ್ದರು ಅಂತ ಕೇಳಿ ಬರೆದುಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡ್ತೀವಿ ಅಂತ ಸಂಪಾದಕರು ಒಪ್ಪಿದ್ದಾರೆ.