ಜಪಾನಿನ ಕಸಬುಗಳೂ ಪ್ರವಾಸಿಗರೂ

2003ರಲ್ಲಿ ಹೊರನಾಡುಗಳಿಂದ ಜಪಾನಿಗೆ ಬಂದ ಪ್ರವಾಸಿಗರು ಸುಮಾರು 52 ಲಕ್ಷ ಮಂದಿ. 2024ರಲ್ಲಿ ಈ ಸಂಖ್ಯೆಯು 3 ಕೋಟಿ 68 ಲಕ್ಷವನ್ನು ಮೀರಿತು. ಇಷ್ಟು ದೊಡ್ಡ ಜನಸಮೂಹವು ದೇವಾಲಯಗಳನ್ನೂ ಉದ್ಯಾನಗಳನ್ನೂ ಕೋಟೆಗಳನ್ನೂ ಕಣ್ಣಿನಿಂದ ನೋಡಿ ಹಿಂದಿರುಗುವುದರಲ್ಲಿಯೇ ತೃಪ್ತಿ ಹೊಂದುತ್ತಿಲ್ಲ. ಕುಶಲಕರ್ಮಿಯ ಚಾಪೆಯ ಮೇಲೆ ತಾನೂ ಕುಳಿತು, ಅವನ ಲಾಳಿಯನ್ನೋ ಕುಂಚವನ್ನೋ ಒಂದು ಗಂಟೆಯ ಹೊತ್ತು ಹಿಡಿದು, ತನ್ನ ಕೈಯಾರೆ ಮಾಡಿದ ವಸ್ತುವೊಂದನ್ನು ಊರಿಗೆ ಒಯ್ಯಬೇಕೆಂಬ ಹಂಬಲವು ಇಂದಿನ ಪ್ರವಾಸಿಯಲ್ಲಿ ಬಲವಾಗಿರುವುದು. ಕ್ಯೋಟೋ, ಕನಝಾವಾ, ಸಕಾಯಿ, ಟೋಕಿಯೋ ನಗರಗಳ ಹಳೆಯ ಅಂಗಡಿಗಳು ಈ ಹಂಬಲಕ್ಕೆ ಬಾಗಿಲು ತೆರೆದಿವೆ. ಇದರಿಂದ ಹಳೆಯ ಕಸಬುಗಳು ಬದುಕುವುವೋ, ಅಥವಾ ಕಸಬಿನ ವೇಷವೊಂದೇ ಉಳಿದು ಒಳಗಿನ ಜೀವವು ಹಾರಿಹೋಗುವುದೋ ಎಂಬ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಮೊದಲು ಈ ಅಂಗಡಿಗಳಲ್ಲಿ ನಡೆಯುವುದೇನೆಂಬುದನ್ನು ನೋಡೋಣ. ಕ್ಯೋಟೋ ನಗರದ ನಿಶಿಜಿನ್ ಕೇರಿಯು ರೇಷ್ಮೆಗೂ ಜರಿಗೂ ಹೆಸರಾದುದು. ‘ನಿಶಿಜಿನ್’ ಎಂದರೆ ಪಶ್ಚಿಮದ ಪಾಳೆಯ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಒಂದು ಪಕ್ಷದ ಸೈನ್ಯವು ಬೀಡುಬಿಟ್ಟಿದ್ದ ಸ್ಥಳದಲ್ಲಿ, ಯುದ್ಧಾನಂತರ ನೇಕಾರರು ಬಂದು ನೆಲೆಸಿದುದರಿಂದ ಈ ಹೆಸರು ಬಂದಿತು. ಇಂದು ಅಲ್ಲಿನ ಜವಳಿ ಭವನದಲ್ಲಿ ಅತಿಥಿಗಳಿಗಾಗಿ ಚಿಕ್ಕ ಮಗ್ಗಗಳಿವೆ; ಹಾಸಿಗೆ ಹೊಕ್ಕನ್ನು ಸೇರಿಸಿ ಅಂಗೈ ಅಗಲದ ಬಟ್ಟೆಯನ್ನು ಅವರೇ ನೇಯಬಹುದು. ಕನಝಾವಾದಲ್ಲಿ ಮರದ ಪೆಟ್ಟಿಗೆಯ ಮೇಲೆ ಚಿನ್ನದ ರೇಕನ್ನು ಅಂಟಿಸಲು ಕಲಿಸುತ್ತಾರೆ. ಚೂರಿಗಳಿಗೆ ಪ್ರಸಿದ್ಧವಾದ ಸಕಾಯಿಯಲ್ಲಿ ಕುಲುಮೆಯವನು, ಸಾಣೆ ಹಿಡಿಯುವವನು, ಹಿಡಿ ಕೂಡಿಸುವವನು ಬೇರೆ ಬೇರೆ. ಬಂದವನು ಸಾಣೆಕಲ್ಲಿನ ಮುಂದೆ ಕುಳಿತು ಆ ವಿದ್ಯೆಯ ಒಂದಂಶವನ್ನು ಅರಿಯಬಹುದು. ಟೋಕಿಯೋ ನಗರದಲ್ಲಿ ಬಣ್ಣದ ಗಾಜನ್ನು ಕೊರೆದು ಚಿತ್ತಾರವೆತ್ತುವ ಎದೋ ಕಿರಿಕೋ ಎಂಬ ಕೆಲಸವನ್ನು ಹೀಗೆಯೇ ತೋರಿಸಿಕೊಡುತ್ತಾರೆ.

ಈ ವ್ಯವಸ್ಥೆಯು ಸುಮ್ಮನೆ ಹುಟ್ಟಿದುದಲ್ಲ. ಜಪಾನಿನ ಕಸಬುಗಳು ತಮ್ಮ ಆಶ್ರಯದಾತರನ್ನು ಒಂದಲ್ಲ, ಹಲವು ಬಾರಿ ಕಳೆದುಕೊಂಡಿವೆ. 1869ರಲ್ಲಿ ಚಕ್ರವರ್ತಿಯ ಆಸ್ಥಾನವು ಟೋಕಿಯೋ ನಗರಕ್ಕೆ ತೆರಳಲು, ನಿಶಿಜಿನ್ನಿನ ಮಗ್ಗಗಳಿಗೆ ಗಿರಾಕಿಗಳೇ ಇಲ್ಲದಂತಾಯಿತು. ಕ್ಯೋಟೋದವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1872ರಲ್ಲಿ ಕೆಲವು ನೇಕಾರರನ್ನು ಫ್ರಾನ್ಸ್ ದೇಶದ ಲಿಯಾನ್ ನಗರಕ್ಕೆ ಕಳುಹಿಸಿ ಜಕಾರ್ಡ್ ಯಂತ್ರದ ವಿದ್ಯೆಯನ್ನು ತರಿಸಿಕೊಂಡರು. 1876ರಲ್ಲಿ ಕತ್ತಿಯನ್ನು ಧರಿಸಿ ತಿರುಗುವುದು ನಿಷಿದ್ಧವಾಯಿತು. ಕತ್ತಿ ಮಾಡುತ್ತಿದ್ದ ಕಮ್ಮಾರರಲ್ಲಿ ಅನೇಕರು ಅಡಿಗೆಮನೆಯ ಚೂರಿಗಳತ್ತ ತಿರುಗಿದರು. ಕ್ಯೋಟೋದ ನಿಶಿಕಿ ಪೇಟೆಯಲ್ಲಿರುವ ಅರಿತ್ಸುಗು ಎಂಬ ಅಂಗಡಿಯು 1560ರಲ್ಲಿ ಕತ್ತಿಯ ಕಮ್ಮಾರಸಾಲೆಯಾಗಿ ಆರಂಭವಾದುದು. ಇಂದು ಅಡಿಗೆಯವರ ಚೂರಿಗಳಿಂದ ಅದರ ಹೆಸರು ಉಳಿದಿದೆ. ಕಾಲಕ್ಕೆ ತಕ್ಕಂತೆ ಗಿರಾಕಿಯನ್ನು ಹುಡುಕಿಕೊಳ್ಳುವುದು ಕಸಬಿಗೆ ಅವಮಾನವಲ್ಲ, ಅದು ಕಸಬಿನ ಜೀವಶಕ್ತಿಯ ಲಕ್ಷಣ. ಆದರೆ ಈ ಎರಡು ಸಂದರ್ಭಗಳಲ್ಲಿಯೂ ಕಸಬುದಾರನು ಬಳಕೆಯ ವಸ್ತುವನ್ನೇ ಮಾಡಿ ಮಾರಿದನೆಂಬುದನ್ನು ವಾಚಕರು ಗಮನಿಸಬೇಕು.

ಬಳಕೆ ಎಂಬ ಈ ಮಾತೇ ಮುಖ್ಯವಾದುದು. 1925ರಲ್ಲಿ ಯಾನಗಿ ಸೋಯೆತ್ಸು, ಹಮಾದಾ ಶೋಜಿ, ಕವಾಯಿ ಕಂಜಿರೋ ಎಂಬವರು ‘ಮಿಂಗೇ’, ಅಂದರೆ ಜನಸಾಮಾನ್ಯರ ಕಲೆ, ಎಂಬ ಹೊಸ ಶಬ್ದವನ್ನು ಬಳಕೆಗೆ ತಂದರು. ಹೆಸರಿಲ್ಲದ ಕುಂಬಾರನು ದಿನಬಳಕೆಗೆ ಮಾಡಿದ ಬಟ್ಟಲಿನಲ್ಲಿ ನಿಜವಾದ ಸೌಂದರ್ಯವಿದೆಯೆಂಬುದು ಅವರ ಸಿದ್ಧಾಂತ. 1936ರಲ್ಲಿ ಟೋಕಿಯೋ ನಗರದಲ್ಲಿ ಯಾನಗಿಯವರು ಇದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು. 1974ರಲ್ಲಿ ಜಪಾನಿನ ಸರ್ಕಾರವು ಪರಂಪರಾಗತ ಕೈಕಸಬುಗಳ ಅಭಿವೃದ್ಧಿಗೆಂದು ಶಾಸನವನ್ನು ಮಾಡಿದಾಗಲೂ ಇದೇ ತತ್ತ್ವವು ಅದರೊಳಗೆ ಸೇರಿತು. ಆ ಶಾಸನದ ಮನ್ನಣೆಗೆ ವಸ್ತುವು ಮುಖ್ಯವಾಗಿ ನಿತ್ಯಜೀವನದಲ್ಲಿ ಬಳಕೆಯಾಗತಕ್ಕದ್ದು. ಅದರ ತಯಾರಿಕೆಯ ಮುಖ್ಯ ಭಾಗವು ಕೈಯಿಂದ ನಡೆಯತಕ್ಕದ್ದು. ವಿಧಾನವೂ ಮೂಲದ್ರವ್ಯವೂ ಬಹುಕಾಲದಿಂದ ಬಂದುವಾಗಿರತಕ್ಕುವು. ಒಂದು ಪ್ರದೇಶದಲ್ಲಿ ಸಾಕಷ್ಟು ಮಂದಿ ಅದನ್ನು ನಡೆಸುತ್ತಿರತಕ್ಕದ್ದು. ಇಂದು 240ಕ್ಕೂ ಹೆಚ್ಚು ಕಸಬುಗಳು ಈ ಪಟ್ಟಿಯಲ್ಲಿವೆ.

ಶಾಸನವಿದ್ದೂ ಇಳಿತವು ನಿಲ್ಲಲಿಲ್ಲ. ಈ ಕಸಬುಗಳನ್ನು ನಂಬಿದವರು 1970ರ ದಶಕದ ಕೊನೆಯಲ್ಲಿ ಸುಮಾರು 2 ಲಕ್ಷ 90 ಸಾವಿರ ಮಂದಿ ಇದ್ದರು. 2010ರ ದಶಕದ ವೇಳೆಗೆ 70 ಸಾವಿರಕ್ಕೂ ಕಡಿಮೆಯಾದರು. ಕಾರಣವು ಸ್ಪಷ್ಟವಾಗಿದೆ. ಕಿಮೋನೋ ಉಡುಪು ಮದುವೆ ಹಬ್ಬಗಳಿಗೆ ಮಾತ್ರ ಸೀಮಿತವಾಯಿತು. ಅರಗಿನ ಬಟ್ಟಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. ಚಾಪೆ ಹಾಸಿದ ಕೋಣೆಗಳು ಕಡಿಮೆಯಾದುವು. ಮನೆಯಲ್ಲಿ ಸ್ಥಾನ ತಪ್ಪಿದ ವಸ್ತುವಿಗೆ ಪೇಟೆಯಲ್ಲಿ ಸ್ಥಾನವೆಲ್ಲಿಂದ ಬರಬೇಕು? ಹೀಗಿರಲು, ದೂರದಿಂದ ಬಂದ ಪ್ರವಾಸಿಯನ್ನು ಹೊಸ ಆಶ್ರಯದಾತನೆಂದು ಕಸಬುದಾರನು ಸ್ವಾಗತಿಸಿದರೆ ಆತನನ್ನು ಯಾರೂ ದೂಷಿಸಲಾರರು.

ಈ ಸ್ವಾಗತದಿಂದ ಲಾಭವುಂಟೆಂಬುದನ್ನು ನಾವು ಒಪ್ಪುತ್ತೇವೆ. ಕನಝಾವಾದ ಚಿನ್ನದ ರೇಕು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದಂಶದಷ್ಟು ತೆಳುವಾದುದು. ಅದನ್ನು ತಾನೇ ಬಿದಿರಿನ ಚಿಮಟದಿಂದ ಎತ್ತಲು ಹೋಗಿ, ಉಸಿರಿನ ಗಾಳಿಗೇ ಅದು ಮುದುಡಿದುದನ್ನು ಕಂಡವನು ಮುಂದೆ ಅಂಗಡಿಯಲ್ಲಿ ಬೆಲೆಯನ್ನು ಕುರಿತು ಚೌಕಾಸಿ ಮಾಡಲು ಹಿಂಜರಿಯುವನು. ಕಣ್ಣು ಹೇಳಿಕೊಡಲಾರದ ಪಾಠವನ್ನು ಕೈ ಹೇಳಿಕೊಡುತ್ತದೆ. ಈ ಒಂದು ಗಂಟೆಯಿಂದ ಒಬ್ಬ ಅರಿತ ಗಿರಾಕಿಯು ಹುಟ್ಟಿದರೆ ಅದು ಸಾರ್ಥಕವೇ ಸರಿ.

ಆದರೆ ಮೂಗಿಗಿಂತ ಮೂಗುತಿ ಭಾರವಾಗಬಾರದು. ಕ್ಯೋಟೋ ನಗರದಲ್ಲಿ ಪ್ರವಾಸಿಗಳಿಗೆ ಒಂದು ದಿನದ ಬಾಡಿಗೆಗೆ ಕಿಮೋನೋ ತೊಡಿಸುವ ಅಂಗಡಿಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಲ್ಲಿ ಅನೇಕ ಕಡೆ ತೊಡಿಸುವುದು ಯಂತ್ರದಲ್ಲಿ ಅಚ್ಚುಹಾಕಿದ ಪಾಲಿಯೆಸ್ಟರ್ ಬಟ್ಟೆ. ತೊಟ್ಟವನು ಜಪಾನಿನ ಉಡುಪನ್ನು ಧರಿಸಿದೆನೆಂದು ಹಿಗ್ಗುತ್ತಾನೆ. ಅನತಿದೂರದಲ್ಲಿರುವ ನಿಶಿಜಿನ್ನಿನ ಮುಪ್ಪಿನ ನೇಕಾರನಿಗೆ ಅದರಿಂದ ಒಂದು ಎಳೆಯಷ್ಟೂ ಕೆಲಸ ದೊರೆಯುವುದಿಲ್ಲ. ಕಿಂತ್ಸುಗಿಯ ವಿಷಯವೂ ಹೀಗೆಯೇ. ಒಡೆದ ಬಟ್ಟಲನ್ನು ಉರುಷಿ ಎಂಬ ಮರದ ರಸದ ಅರಗಿನಿಂದ ಬೆಸೆದು, ಬಿರುಕಿನ ಮೇಲೆ ಚಿನ್ನದ ಪುಡಿಯನ್ನು ಕೂರಿಸುವ ವಿದ್ಯೆಯಿದು. ಆ ಅರಗು ತೇವವಾದ ಬೆಚ್ಚನೆಯ ಗಾಳಿಯಲ್ಲಿ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸಕ್ಕೆ ವಾರಗಳು, ಕೆಲವು ವೇಳೆ ತಿಂಗಳುಗಳು ಬೇಕು. ಒಂದು ಗಂಟೆಯಲ್ಲಿ ಬಟ್ಟಲನ್ನು ಬೆಸೆದು ಕೈಗಿಡುವ ಅಂಗಡಿಗಳಲ್ಲಿ ಬಳಸುವುದು ಕಾರ್ಖಾನೆಯ ಅಂಟು. ಅದನ್ನು ಅಂಟೆಂದು ಹೇಳಿಯೇ ಕಲಿಸುವವರನ್ನು ನಾವು ಆಕ್ಷೇಪಿಸುವುದಿಲ್ಲ. ಹೇಳದೆ ಕಲಿಸುವವರು ಅತಿಥಿಗೂ ಕಸಬಿಗೂ ಏಕಕಾಲದಲ್ಲಿ ವಂಚನೆ ಮಾಡಿದಂತಾಯಿತು. ಇನ್ನು ಜನಸಂದಣಿಯ ಪೀಡೆಯಾದರೋ, 2024ರಲ್ಲಿ ಕ್ಯೋಟೋದ ಗಿಯೋನ್ ಕೇರಿಯವರು ತಮ್ಮ ಖಾಸಗಿ ಓಣಿಗಳಿಗೆ ಪ್ರವಾಸಿಗಳು ಕಾಲಿಡಬಾರದೆಂದು ಫಲಕ ಹಾಕಬೇಕಾಯಿತು.

ಕಸಬಿನ ಬೇರು ಅಂಗಡಿಯ ಮುಂಭಾಗದಲ್ಲಿಲ್ಲ, ಹಿಂದಿನ ಕೆಲಸದ ಕೋಣೆಯಲ್ಲಿದೆ. ಅದಕ್ಕೂ ಹಿಂದೆ ಕಾಡಿನಲ್ಲಿಯೂ ಹೊಲದಲ್ಲಿಯೂ ಇದೆ. ಕನಝಾವಾದಲ್ಲಿ ‘ಎಂತ್ಸುಕೆ’ ಎಂಬ ಹಳೆಯ ಕ್ರಮದಿಂದ ಮಾಡುವ ರೇಕಿಗೆ ಕೈಯಿಂದ ಮಾಡಿದ ವಿಶೇಷ ಕಾಗದವು ಬೇಕು. ಆ ಕಾಗದವನ್ನು ಹುಲ್ಲುಬೂದಿಯ ನೀರು, ಪರ್ಸಿಮನ್ ಕಾಯಿಯ ಒಗರು ರಸ, ಕೋಳಿಮೊಟ್ಟೆ ಇವುಗಳಲ್ಲಿ ಅದ್ದಿ ಹದಗೊಳಿಸಬೇಕು. ಬಂದವನು ರೇಕನ್ನು ಅಂಟಿಸುವನೇ ಹೊರತು ಈ ಕಾಗದದ ಹದವನ್ನು ಕಾಣುವುದಿಲ್ಲ. ರೇಕಿನ ಗುಣವಾದರೋ ಈ ಹದದ ಮೇಲೆಯೇ ನಿಂತಿರುವುದು. ಅರಗಿನ ಸ್ಥಿತಿಯನ್ನು ನೋಡಿದರೆ ಜಪಾನಿನಲ್ಲಿ ಬಳಸುವ ಉರುಷಿಯ ಬಹುಭಾಗವು ಚೀಣದಿಂದ ಬರುತ್ತದೆ. ಇದನ್ನು ಕಂಡು ಅಲ್ಲಿನ ಸಂಸ್ಕೃತಿ ಇಲಾಖೆಯು ರಾಷ್ಟ್ರೀಯ ನಿಧಿಗಳೆನಿಸಿದ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಸ್ವದೇಶದ ಉರುಷಿಯನ್ನೇ ಬಳಸಬೇಕೆಂದು 2015ರಲ್ಲಿ ಸೂಚನೆ ನೀಡಿತು. ಮರವನ್ನು ಬೆಳೆಸುವವನಿಗೂ ರಸವನ್ನು ಇಳಿಸುವವನಿಗೂ ಇದರಿಂದ ನಿಶ್ಚಿತವಾದ ಗಿರಾಕಿ ದೊರೆತಂತಾಯಿತು. ಸಾವಿರ ಮಂದಿ ಪ್ರವಾಸಿಗಳ ಒಂದೊಂದು ಗಂಟೆಗಿಂತ ಸರ್ಕಾರದ ಈ ಒಂದು ಸೂಚನೆಯು ಬೇರಿಗೆ ಹೆಚ್ಚು ನೀರೆರೆದಿದೆಯೆಂದು ನಾವು ಭಾವಿಸುತ್ತೇವೆ.

ಪ್ರವಾಸಿಯನ್ನೊಬ್ಬನನ್ನೇ ನೆಚ್ಚಬಾರದೆಂಬುದಕ್ಕೆ ವಜಿಮಾ ಪಟ್ಟಣದ ದುರಂತವೂ ಸಾಕ್ಷಿಯಾಗಿದೆ. ಅಲ್ಲಿನ ಅರಗಿನ ಪಾತ್ರೆಯು ನೂರಕ್ಕೂ ಹೆಚ್ಚು ಹಂತಗಳನ್ನು ದಾಟಿ ಸಿದ್ಧವಾಗುತ್ತದೆ. ಆ ಊರಿನದೇ ಮಣ್ಣನ್ನು ಸುಟ್ಟು ಪುಡಿಮಾಡಿ ಅಡಿಲೇಪಕ್ಕೆ ಸೇರಿಸುತ್ತಾರೆ. 2024ರ ಜನವರಿ 1ರಂದು ನೋತೋ ಭೂಕಂಪದಲ್ಲಿ ಆ ಊರಿನ ಪ್ರಸಿದ್ಧವಾದ ಮುಂಜಾನೆಯ ಸಂತೆಯ ಬೀದಿಯೂ ಅನೇಕ ಕೆಲಸದ ಮನೆಗಳೂ ಉರಿದು ಬಿದ್ದುವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರವಾಹವು ಬಂದಿತು. ನೋಡಬಂದವರು ಒಂದೇ ದಿನದಲ್ಲಿ ಇಲ್ಲವಾದರು. ಸಂತೆಯ ವ್ಯಾಪಾರಿಗಳು ಧೃತಿಗೆಡದೆ ಕನಝಾವಾಕ್ಕೂ ಇತರ ಊರುಗಳಿಗೂ ಹೋಗಿ ಅಲ್ಲಿಯೇ ಸಂತೆಯನ್ನು ಕೂಡಿಸಿದರು. ಅವರ ಸರಕನ್ನು ಕೊಂಡವರು ಆ ದೇಶದ ಗೃಹಸ್ಥರು. ಕಷ್ಟಕಾಲದಲ್ಲಿ ಕಸಬಿಗೆ ಆಸರೆಯಾಗುವವನು ಅದರ ವಸ್ತುವಿನಲ್ಲಿ ಊಟ ಮಾಡುವವನೇ.

ಈ ವಿಚಾರವು ಕನ್ನಡಿಗರಿಗೆ ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟಜಿ ಟಾಟಾ ಅವರು ಬೆಂಗಳೂರಿನಲ್ಲಿ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆಯ ತೋಟವನ್ನು ನಡೆಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಿನಲ್ಲಿ ಆ ನೆನಪು ಉಳಿದಿದೆ. ಅಂದು ಅಲ್ಲಿಂದ ಹುಳುವಿನ ವಿದ್ಯೆಯನ್ನು ಕಲಿತ ನಾವು ಇಂದು ಕಸಬುದಾರನ ರಕ್ಷಣೆಯ ವಿದ್ಯೆಯನ್ನೂ, ಅದರ ಎಡರುಗಳನ್ನೂ ಕಲಿಯುವುದು ಉಚಿತವಾಗಿದೆ. ಚನ್ನಪಟ್ಟಣದ ಬೊಂಬೆಯ ಕುಂದಣಕ್ಕೋ ಬೀದರಿನ ಕುಸುರಿಯ ಸಾಲೆಗೋ ಪ್ರವಾಸಿಗಳನ್ನು ಕರೆದೊಯ್ಯುವ ಯೋಜನೆಗಳನ್ನು ರೂಪಿಸುವ ಅಧಿಕಾರಿಗಳು ಜಪಾನಿನ ಈ ಎರಡು ಮುಖಗಳನ್ನೂ ಕಣ್ಣಿಟ್ಟು ನೋಡಬೇಕು.

ಮಾಡತಕ್ಕ ಕೆಲಸವು ಅಸಾಧ್ಯವಾದುದೇನೂ ಅಲ್ಲ. ಅಂಗಡಿಯು ಬಳಸುವ ದ್ರವ್ಯ ಯಾವುದು, ಕೈಕೆಲಸವೆಷ್ಟು, ಯಂತ್ರದ ಕೆಲಸವೆಷ್ಟು ಎಂಬುದು ಬಾಗಿಲಲ್ಲಿಯೇ ಬರೆದಿರಲಿ. ಅತಿಥಿಗೆ ಕಲಿಸಿದ ಗಂಟೆಯು ಕುಶಲಕರ್ಮಿಯ ದುಡಿಮೆಯೆಂದೇ ಎಣಿಕೆಯಾಗಿ, ಅದರ ಹಣವು ಮಧ್ಯಸ್ಥರ ಪಾಲಾಗದೆ ಅವನ ಮನೆಗೆ ಸೇರಲಿ. ಆ ಹಣದಿಂದ ಒಬ್ಬ ಶಿಷ್ಯನಾದರೂ ಹಲವು ವರ್ಷ ಅನ್ನ ಕಾಣುವಂತಾಗಲಿ. ಎಲ್ಲಕ್ಕಿಂತ ಮೊದಲು, ಸರ್ಕಾರದ ಕಚೇರಿಗಳೂ ದೇವಾಲಯಗಳೂ ಗೃಹಸ್ಥರೂ ತಮ್ಮ ನಾಡಿನ ವಸ್ತುವನ್ನು ತಾವೇ ಕೊಂಡು ಬಳಸಲಿ. ತನ್ನ ಮನೆಯವರೇ ಬಿಟ್ಟುಕೊಟ್ಟ ಕಸಬನ್ನು ಅತಿಥಿಯು ಎಷ್ಟು ದಿನ ಕಾಪಾಡಿಯಾನು?