ಒಗ್ಗಟ್ಟು ಯಾವುದಕ್ಕೆ?

ಪುಣೆಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ಬಾಲ್ ಪೈಥಾನ್ ನೋಡಿದೆ. ಪಶ್ಚಿಮ ಆಫ್ರಿಕಾದ, ವಿಷವಿಲ್ಲದ ಹಾವು. ಮೈಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳು. ಆದರೆ ತಲೆ ಒಂದೆಡೆ ನಿಲ್ಲದು, ಓಲಾಡುತ್ತಿತ್ತು. ‘ಸ್ಪೈಡರ್ ತಳಿ ಇರೋದೇ ಹಾಗೆ’ ಎಂದ.

ಆ ಚಂದದ ಗೆರೆ ಕೊಡುವ ಜೀನೇ ಹಾವಿನ ಸಮತೋಲನವನ್ನೂ ಕೆಡಿಸುತ್ತದೆ. ಎಷ್ಟು ಬಗೆಯಲ್ಲಿ ಕೂಡಿಸಿದರೂ ಎರಡನ್ನೂ ಬೇರ್ಪಡಿಸಲು ತಳಿಗಾರರಿಗೆ ಆಗಿಲ್ಲ. ಗೊತ್ತಿರುವ ಬಗ್ ಅನ್ನು ನಾವು ಫೀಚರ್ ಎಂದು ಮಾರಿದರೆ ಗ್ರಾಹಕ ಉಗಿಯುತ್ತಾನೆ. ಹಾವಿಗೆ ಆ ಅನುಕೂಲವಿಲ್ಲ.

2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. 2024ರ ಫೆಬ್ರುವರಿಯ ನಿಯಮಗಳ ಪ್ರಕಾರ ಇಂಥ ವಿದೇಶಿ ಪ್ರಾಣಿಗಳನ್ನು ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು. ಕಾನೂನು ಬಿಗಿಯಾದಾಗೆಲ್ಲ ಹವ್ಯಾಸಿಗಳಲ್ಲಿ ‘ನಾವೆಲ್ಲ ಒಂದಾಗಬೇಕು’ ಎಂಬ ಮಾತು ಏಳುತ್ತದೆ. ಒಬ್ಬರ ಹುಳುಕನ್ನು ಇನ್ನೊಬ್ಬರು ಮುಚ್ಚುವುದೇ ಅದರ ಅರ್ಥವಾದರೆ ನನ್ನ ಸಹಿ ಬೇಡ.

ಒಂದಾಗಲು ಬೇರೆ ಕೆಲಸವಿದೆ. ಸ್ಪೈಡರ್ ಪ್ರಬಲ ಜೀನ್. ಹೊತ್ತ ಹಾವಿನ ಮೈಮೇಲೇ ಕಾಣುತ್ತದೆ, ತಲೆಮಾರುಗಳ ಕಾಲ ಅಡಗಿ ಕೂರುವುದಿಲ್ಲ. ತಳಿಗಾರರೆಲ್ಲ ಮರಿ ಮಾಡಿಸುವುದನ್ನು ನಿಲ್ಲಿಸಿದರೆ, ಈಗಿರುವ ಹಾವುಗಳೊಂದಿಗೇ ಅದು ಮುಗಿಯುತ್ತದೆ. ಒಬ್ಬ ಒಪ್ಪದಿದ್ದರೂ ಸಾಕು, ಅವನ ಹಾವಿನ ಸರಿಸುಮಾರು ಅರ್ಧ ಮರಿಗಳು ಮತ್ತೆ ಓಲಾಡುತ್ತವೆ. ಒಗ್ಗಟ್ಟು ನಿಜವಾಗಿ ಬೇಕಿರುವುದು ಇಲ್ಲಿ.

ಗೆಳೆಯ ತನ್ನ ಹಾವಿಗೆ ಜೋಡಿ ಹುಡುಕುವುದನ್ನು ಬಿಟ್ಟಿದ್ದಾನೆ. ಅದು ಇನ್ನೂ ಇಪ್ಪತ್ತು ವರ್ಷ ಬದುಕೀತು.